ಕೆಂಗಲ್ ಹನುಮಂತಯ್ಯನವರ ಏಳುಬೀಳು

ಪರಸ್ಥಳದಿಂದ ನೆಂಟರಿಷ್ಟರು ಬೆಂಗಳೂರಿಗೆ ಬಂದರೆ, ಕರೆದುಕೊಂಡು ಹೋಗಿ ತೋರಿಸತಕ್ಕ ಸ್ಥಳಗಳಲ್ಲಿ ವಿಧಾನಸೌಧವು ಮೊದಲನೆಯದು. ಅದರ ಒಳಕ್ಕೆ ಹೋಗುವುದು ಎಲ್ಲರಿಗೂ ಸಾಧ್ಯವಲ್ಲ. ಬೀದಿಯ ಈಚೆಗೆ ನಿಂತು ನೋಡಿದರೂ ಬಂದವರಿಗೆ ತೃಪ್ತಿಯಾಗುವುದು. ಹೊಸದಾಗಿ ಓದು ಕಲಿತ ಮಕ್ಕಳು ಮೇಲೆ ಕೊರೆದಿರುವ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ, "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಗಟ್ಟಿಯಾಗಿ ಓದುವರು. ಕಟ್ಟಿಸಿದವರು ಯಾರು ಎಂದು ಕೇಳಿದರೆ ಹಿರಿಯರು ಕೆಂಗಲ್ ಹನುಮಂತಯ್ಯನವರ ಹೆಸರನ್ನು ಹೇಳುವರು. ಸಾಮಾನ್ಯವಾಗಿ ಮಾತು ಅಲ್ಲಿಗೆ ಮುಗಿಯುವುದು.

ಆದರೆ ಆ ಹೆಸರಿನ ಹಿಂದೆ ಇರುವ ಕಥೆ ಅಷ್ಟು ಬೇಗ ಮುಗಿಯತಕ್ಕುದಲ್ಲ. ಒಂದು ಶಾಸನಸಭೆಗೆ ಅರಮನೆಯನ್ನೂ ನಾಚಿಸುವಂಥ ಮನೆಯನ್ನು ಕಟ್ಟಿಸಿಕೊಟ್ಟ ಮುಖಂಡರು, ಆ ಮನೆ ಒಕ್ಕಲಾಗುವ ಹೊತ್ತಿಗೆ ಮುಖಂಡರಾಗಿ ಉಳಿದಿರಲಿಲ್ಲ. ಅವರನ್ನು ಕೆಳಕ್ಕೆ ಇಳಿಸಿದವರು ಪರಪಕ್ಷದವರಲ್ಲ. ಚುನಾವಣೆಯಲ್ಲಿ ಮತ ಹಾಕಿದ ಪ್ರಜೆಗಳೂ ಅಲ್ಲ. ಅವರ ಪಕ್ಷದ ಶಾಸಕರೇ ಆ ಕೆಲಸವನ್ನು ಮಾಡಿದರು. ಇದು ಹೇಗಾಯಿತೆಂಬುದನ್ನು ನಮ್ಮ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಹನುಮಂತಯ್ಯನವರು 1908ನೆಯ ಇಸವಿ ಫೆಬ್ರವರಿ 14ರಂದು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲುತನದ ಮನೆಯೊಂದರಲ್ಲಿ ಹುಟ್ಟಿದರು. ಆಗ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂದು ಹೆಸರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ರಾಮನಗರವನ್ನು ದಾಟಿ ಚನ್ನಪಟ್ಟಣವನ್ನು ಸೇರುವುದಕ್ಕೆ ಮುಂಚೆ ರಸ್ತೆಯ ಪಕ್ಕದಲ್ಲಿ ಕೆಂಗಲ್ ಆಂಜನೇಯಸ್ವಾಮಿಯ ಗುಡಿಯನ್ನು ನೋಡಿರುತ್ತಾರೆ. ಕೆಂಪು ಕಲ್ಲಿನ ಹನುಮ, ಆದುದರಿಂದ ಕೆಂಗಲ್. ಆ ದೇವರ ಹೆಸರೂ ಆ ಸ್ಥಳದ ಹೆಸರೂ ಎರಡೂ ಈ ಮಹಾಶಯರಿಗೆ ಅಂಟಿಕೊಂಡುವು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಪದವಿಯನ್ನೂ ಅನಂತರ ಪೂನಾದಲ್ಲಿ ನ್ಯಾಯಶಾಸ್ತ್ರದ ಪದವಿಯನ್ನೂ ಪಡೆದು ವಕೀಲಿ ವೃತ್ತಿಗೆ ಬಂದರು. ಆ ಕಾಲದಲ್ಲಿ ಹಳ್ಳಿಯ ಒಕ್ಕಲು ಮನೆತನದ ಹುಡುಗನೊಬ್ಬನು ಇಷ್ಟು ಓದಿದರೆ ಮನೆಯವರು ಅಮಲ್ದಾರಿಕೆಯ ಕನಸನ್ನು ಕಾಣುತ್ತಿದ್ದ ದಿನಗಳು. ಅವರು ಹಿಡಿದ ದಾರಿ ಬೇರೆಯಾಯಿತು. ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರವಾಗಬೇಕೆಂಬ ಹೋರಾಟ 1938ರ ಶಿವಪುರದ ಧ್ವಜಸತ್ಯಾಗ್ರಹದಿಂದ ಬಲಗೊಂಡಿತ್ತು. ಹನುಮಂತಯ್ಯನವರು ಕಾಂಗ್ರೆಸ್ಸನ್ನು ಸೇರಿ ಹಲವು ಸಲ ಸೆರೆಮನೆಯನ್ನು ಕಂಡರು. 1940ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಚುನಾಯಿತರಾದರು. ಮಾತಿನ ಬಲ ಅವರಿಗೆ ದೊಡ್ಡದಾಗಿತ್ತು. ಕನ್ನಡ ಕಾವ್ಯದ, ಅದರಲ್ಲಿಯೂ ಕುಮಾರವ್ಯಾಸನ, ಒಲವು ಅವರಿಗೆ ಬಹಳ. ಮುಂದೆ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಆ ಭಾರತವು ಎರಡು ರೂಪಾಯಿಗೆ ಮನೆಮನೆಗೂ ಬರುವಂತಾದುದಕ್ಕೆ ಅವರ ಆಸಕ್ತಿಯೇ ಮೂಲ. ಎಷ್ಟೋ ಮನೆಗಳ ಗೂಡುಗಳಲ್ಲಿ ಆ ದಪ್ಪ ಪುಸ್ತಕ ಇಂದಿಗೂ ಇದ್ದೀತು.

ದೇಶದ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಲ್ಲಿ ಅವರೂ ಒಬ್ಬರು. 1949ರ ನವೆಂಬರಿನಲ್ಲಿ, ಕೆಲಸವೆಲ್ಲ ಮುಗಿಯುತ್ತ ಬಂದಿದ್ದಾಗ, ಅವರು ಆಡಿದ ಮಾತೊಂದು ಪ್ರಸಿದ್ಧವಾಗಿದೆ. ನಾವು ಬಯಸಿದ್ದುದು ವೀಣೆಯ ಅಥವಾ ಸಿತಾರಿನ ನಾದ; ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ವಾದ್ಯ ಎಂಬುದು ಅದರ ತಾತ್ಪರ್ಯ. ವಾಚಕರು ಈ ಮಾತನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಏಳು ವರ್ಷಗಳ ತರುವಾಯ ಬೆಂಗಳೂರಿನ ಮಧ್ಯದಲ್ಲಿ ಎದ್ದುನಿಂತ ಕಲ್ಲಿನ ಸೌಧವು ಈ ಅಸಮಾಧಾನಕ್ಕೇ ಅವರು ಕೊಟ್ಟ ಉತ್ತರವೆಂದು ನಮಗೆ ತೋರುತ್ತದೆ.

ಸಂಸ್ಥಾನದಲ್ಲಿ 1947ರ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮುಖಂಡತ್ವದಲ್ಲಿ ಮೊದಲ ಜನಪ್ರತಿನಿಧಿ ಸರ್ಕಾರ ಬಂದಿತು. ಕಾಂಗ್ರೆಸ್ಸಿನೊಳಗೆ ಗುಂಪುಗಳು ಏರ್ಪಟ್ಟುವು. ಹನುಮಂತಯ್ಯನವರು ರೆಡ್ಡಿಯವರಿಗೆ ಎದುರಾಗಿ ನಿಂತ ಪ್ರಬಲರಲ್ಲಿ ಒಬ್ಬರು. ಆ ಜಗಳಗಳ ವಿವರವನ್ನೆಲ್ಲ ಇಲ್ಲಿ ಕೆದಕುವುದು ಬೇಡ. 1952ರ ಪ್ರಥಮ ಮಹಾಚುನಾವಣೆಯಲ್ಲಿ ಮೈಸೂರಿನ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ ಬಂದುವು. ರಾಮನಗರದಿಂದ ಗೆದ್ದುಬಂದ ಹನುಮಂತಯ್ಯನವರನ್ನು ಶಾಸಕರು ಮುಖಂಡರನ್ನಾಗಿ ಮಾಡಿಕೊಂಡರು. ಮಾರ್ಚ್ 30ರಂದು ಅವರು ಮುಖ್ಯಮಂತ್ರಿಗಳಾದರು. ವಯಸ್ಸು ನಾಲ್ವತ್ತನಾಲ್ಕು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ. ಪ್ರಜೆಗಳು ಮುಖ್ಯಮಂತ್ರಿಯನ್ನು ನೇರವಾಗಿ ಆರಿಸುವುದಿಲ್ಲ. ಪ್ರಜೆಗಳು ಆರಿಸುವುದು ಶಾಸಕರನ್ನು. ಹೆಚ್ಚು ಸಂಖ್ಯೆಯ ಪಕ್ಷದ ಶಾಸಕರು ತಮ್ಮಲ್ಲಿ ಒಬ್ಬರನ್ನು ಯಜಮಾನರನ್ನಾಗಿ ಒಪ್ಪುವರು. ದೊಡ್ಡ ಅವಿಭಕ್ತ ಕುಟುಂಬವನ್ನು ನೆನೆದರೆ ಅರ್ಥವಾದೀತು. ಊರಿನವರು ಯಜಮಾನನನ್ನು ಎಷ್ಟೇ ಹೊಗಳಲಿ, ಒಳಗಿನ ಅಣ್ಣತಮ್ಮಂದಿರು ಮುನಿಸಿಕೊಂಡರೆ ಆತನ ಯಜಮಾನಿಕೆ ಉಳಿಯದು. ಊರಿನವರ ಮೆಚ್ಚಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಐದು ವರ್ಷಕ್ಕೊಮ್ಮೆ ಬರುವ ಚುನಾವಣೆಯಲ್ಲಿ ಮಾತ್ರ. ಅಣ್ಣತಮ್ಮಂದಿರ ಮುಖವನ್ನಾದರೋ ದಿನವೂ ನೋಡಬೇಕು. ಹನುಮಂತಯ್ಯನವರಿಗೆ ಊರಿನ ಕಡೆಗೆ ಇದ್ದ ಲಕ್ಷ್ಯ ಒಳಮನೆಯ ಕಡೆಗೆ ಇರಲಿಲ್ಲವೆಂದು ಅವರನ್ನು ಬಲ್ಲವರು ಹೇಳಿದ್ದಾರೆ.

ಆಗ ಶಾಸನಸಭೆಗೆ ಸ್ವಂತದ ಮನೆಯಿರಲಿಲ್ಲ. 1952ರ ಜೂನ್ 18ರಂದು ಹೊಸ ಸಭೆ ಮೊದಲು ಸೇರಿದುದು ಕಚೇರಿಗಳಿಗೆಂದು ಕಟ್ಟಿದ್ದ ಹಳೆಯ ಕಟ್ಟಡದಲ್ಲಿ. ಕೆಂಪು ಬಣ್ಣದ ಆ ಕಟ್ಟಡವನ್ನು ಜನ ಅಠಾರಾ ಕಚೇರಿಯೆಂದು ಕರೆಯುತ್ತಾರೆ. ಈಗ ಅಲ್ಲಿ ಹೈಕೋರ್ಟು ಇದೆ. ಅದರ ಎದುರಿಗೆ ಹೊಸ ಕಟ್ಟಡಕ್ಕೆ 1951ರ ಜುಲೈ 13ರಂದೇ ಪಂಡಿತ ಜವಾಹರಲಾಲ ನೆಹರೂ ಅವರು ಅಸ್ತಿಭಾರವನ್ನು ಹಾಕಿದ್ದರು. ರೆಡ್ಡಿಯವರ ಕಾಲದ ಆ ನಕ್ಷೆ ಸರಳವಾದುದು. ಹನುಮಂತಯ್ಯನವರು ಬಂದವರೇ ಅದನ್ನು ಬದಲಾಯಿಸಿದರು. ಇದಕ್ಕೆ ಕಾರಣವಾಗಿ ಅವರು ಹೇಳುತ್ತಿದ್ದರೆಂದು ಒಂದು ಪ್ರಸಂಗ ರೂಢಿಯಲ್ಲಿದೆ. ರಷ್ಯಾದಿಂದ ಬಂದಿದ್ದ ನಿಯೋಗದವರಿಗೆ ಊರನ್ನು ತೋರಿಸುತ್ತಿದ್ದಾಗ, ಈ ಕಟ್ಟಡಗಳೆಲ್ಲ ಐರೋಪ್ಯ ರೀತಿಯವು. ನಿಮ್ಮದೇ ಆದ ವಾಸ್ತುಶಿಲ್ಪ ನಿಮಗಿಲ್ಲವೇ ಎಂದು ಅವರು ಕೇಳಿದರಂತೆ. ಕೇಳಿದ ಅಪರಿಚಿತರು ಊರು ಬಿಟ್ಟು ಹೋದರು. ಕೇಳಿಸಿಕೊಂಡವರಿಗೆ ಆ ಪ್ರಶ್ನೆ ನಿದ್ರೆಗೆಡಿಸಿತು.

ಅಭಿಯಂತರರಾದ ಬಿ.ಆರ್. ಮಾಣಿಕ್ಯಂ ಅವರ ಮೇಲ್ವಿಚಾರಣೆಯಲ್ಲಿ ಕೆಲಸ ನಡೆಯಿತು. ಸುಮಾರು 5,000 ಮಂದಿ ಕೂಲಿಯವರು. ಕಲ್ಲುಕುಟಿಗರು, ಗಾರೆಯವರು, ಮರದ ಕೆತ್ತನೆಯವರು ಕೂಡಿ 1,500 ಮಂದಿ. ಕೂಲಿಯವರಲ್ಲಿ ಬಹುಮಂದಿ ಸೆರೆಮನೆಯ ಕೈದಿಗಳು. ತಾವೇ ಅನೇಕ ಸಲ ಕೈದಿಯಾಗಿದ್ದ ಮುಖ್ಯಮಂತ್ರಿಗಳು ಕೈದಿಗಳ ಕೈಯಲ್ಲಿ ಶಾಸನಸಭೆಯ ಕಲ್ಲನ್ನು ಹೊರಿಸಿದರೆಂಬುದು ಯೋಚಿಸತಕ್ಕ ಸಂಗತಿ. ಬೆಂಗಳೂರಿನ ಸುತ್ತಿನ ಬಿಳಿಯ ಕಲ್ಲು, ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕರಿಕಲ್ಲು. ಉದ್ದ 700 ಅಡಿ, ಅಗಲ 350 ಅಡಿ. ಪೂರ್ವದಿಕ್ಕಿನ ಮುಖಮಂಟಪಕ್ಕೆ 40 ಅಡಿ ಎತ್ತರದ ಹನ್ನೆರಡು ಕಂಬಗಳು. ಅಲ್ಲಿಗೆ ಹತ್ತಲು ಅಗಲವಾದ ಸೋಪಾನದ 45 ಮೆಟ್ಟಿಲುಗಳು. ನಡುವಿನ ಗುಮ್ಮಟದ ಅಡ್ಡಳತೆ 60 ಅಡಿ. ಮಂತ್ರಿಮಂಡಲದ ಕೊಠಡಿಗೆ ಶ್ರೀಗಂಧದ ಬಾಗಿಲು. ದೇವಸ್ಥಾನಗಳಲ್ಲಿ ನೋಡಿ ಪರಿಚಿತವಾದ ಕಂಬ, ಬೋದಿಗೆ, ಲೋವೆಗಳನ್ನು ಸರ್ಕಾರದ ಕಚೇರಿಯಲ್ಲಿ ನೋಡಿದಾಗ ಹಳ್ಳಿಯಿಂದ ಬಂದವರಿಗೆ ಒಂದು ನಿಮಿಷ ಕೈ ಮುಗಿಯಬೇಕೇನೋ ಎಂದು ಅನ್ನಿಸುವುದುಂಟು. ಕಟ್ಟಿಸಿದವರ ಉದ್ದೇಶವೂ ಪ್ರಾಯಶಃ ಅದೇ. ಅವರು ಕೆಲಸದ ಸ್ಥಳಕ್ಕೆ ಸ್ವತಃ ಬಂದು ಕಲ್ಲು ಕಲ್ಲನ್ನೂ ನೋಡುತ್ತಿದ್ದರೆಂದು ಪ್ರತೀತಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಅರ್ಥವನ್ನು ಗೃಹಸ್ಥರಿಗೆ ನಾವು ವಿವರಿಸಬೇಕಾಗಿಲ್ಲ. ನಕ್ಷೆ ಬೆಳೆದ ಹಾಗೆ ಖರ್ಚೂ ಬೆಳೆಯಿತು. ಮೊದಲಿನ ಅಂದಾಜು ಅರ್ಧ ಕೋಟಿ ರೂಪಾಯಿಯ ಒಳಗಿನದು. ಮುಗಿಯುವ ವೇಳೆಗೆ ಅದು ಒಂದೂಮುಕ್ಕಾಲು ಕೋಟಿಯನ್ನು ಮುಟ್ಟಿತ್ತು. ಹಳ್ಳಿಗಳಲ್ಲಿ ಬಾವಿಯಿಲ್ಲ, ಶಾಲೆಗೆ ಸೂರಿಲ್ಲ. ಇಲ್ಲಿ ಗಂಧದ ಬಾಗಿಲೇ ಎಂದು ಕೇಳುವವರು ಹುಟ್ಟಿಕೊಂಡರು. ಈ ಪ್ರಶ್ನೆ ಕೇವಲ ಹೊಟ್ಟೆಕಿಚ್ಚಿನದೆಂದು ನಾವು ತಳ್ಳಿಹಾಕಲಾರೆವು. ಬಡ ಸಂಸಾರದ ಯಜಮಾನನು ದೇವರಮನೆಗೆ ಚಿನ್ನದ ತಗಡು ಹೊದಿಸಿದರೆ ಮಕ್ಕಳ ತಾಯಿ ಒಂದು ಮಾತು ಕೇಳದೆ ಇರುವಳೇ? ಆದರೆ ಖರ್ಚಿನ ಸಂಬಂಧವಾದ ಗುಸುಗುಸು ಒಂದರಿಂದಲೇ ಹನುಮಂತಯ್ಯನವರು ಬಿದ್ದರೆಂದು ಹೇಳುವುದು ಸರಿಯಲ್ಲ. ಅದಕ್ಕಿಂತ ಆಳವಾದ ಕಾರಣ ಕನ್ನಡನಾಡಿನ ಏಕೀಕರಣದಲ್ಲಿ ಇದ್ದಿತು.

ಆಗ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ರಾಜ್ಯದಲ್ಲಿ. ಗುಲ್ಬರ್ಗ, ರಾಯಚೂರು, ಬೀದರಗಳು ಹೈದರಾಬಾದಿನಲ್ಲಿ. ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮದರಾಸಿನಲ್ಲಿ. ಕೊಡಗು ತಾನೇ ಬೇರೆ. ಆಂಧ್ರರಾಜ್ಯವಾದ 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ಅದೇ ವರ್ಷದ ಕೊನೆಗೆ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣೆಯ ಆಯೋಗ ನೇಮಕವಾಯಿತು. 1955ರ ಸೆಪ್ಟೆಂಬರಿನಲ್ಲಿ ಬಂದ ಅದರ ವರದಿ, ಮೈಸೂರನ್ನೂ ಉಳಿದ ಕನ್ನಡ ಪ್ರದೇಶಗಳನ್ನೂ ಕೂಡಿಸಿ ಒಂದೇ ರಾಜ್ಯವನ್ನು ಮಾಡತಕ್ಕುದೆಂದು ಸೂಚಿಸಿತು.

ದೂರದಿಂದ ನೋಡುವವರು ಮೈಸೂರಿನವರೆಲ್ಲ ಕೈ ಚಪ್ಪಾಳೆ ತಟ್ಟಿರಬೇಕೆಂದು ಭಾವಿಸುವರು. ನಡೆದುದು ಹಾಗಲ್ಲ. ಹಳೆಯ ಮೈಸೂರಿನಲ್ಲಿ ಕಾಲುವೆ, ವಿದ್ಯುತ್ತು, ಕಾರ್ಖಾನೆ, ಶಾಲೆಗಳು ಮೊದಲಿನಿಂದ ಬೆಳೆದಿದ್ದುವು. ಹಿಂದುಳಿದ ಪ್ರಾಂತಗಳನ್ನು ಸೇರಿಸಿಕೊಂಡರೆ ನಮ್ಮ ಗಂಟು ಕರಗಿಹೋಗುವುದು ಎಂಬ ಭಯ ಅನೇಕರಿಗಿತ್ತು. ಹಣದ ಭಯಕ್ಕಿಂತ ದೊಡ್ಡದಾಗಿ, ಬಾಯಿಬಿಟ್ಟು ಹೇಳಲಾಗದ ಇನ್ನೊಂದು ಭಯವಿತ್ತು. ಹಳೆಯ ಮೈಸೂರಿನಲ್ಲಿ ಒಕ್ಕಲಿಗರ ಸಂಖ್ಯೆ ಪ್ರಬಲ, ಉತ್ತರದ ಜಿಲ್ಲೆಗಳು ಕೂಡಿಕೊಂಡರೆ ಲಿಂಗಾಯತರ ಸಂಖ್ಯೆ ಮೇಲಾಗುವುದು, ಅಧಿಕಾರ ಕೈಬಿಡುವುದು. ಜಾತಿಯ ಮಾತನ್ನು ನಮ್ಮ ಪುಟಗಳಲ್ಲಿ ಎತ್ತುವುದು ನಮಗೆ ಇಷ್ಟವಿಲ್ಲ. ಆದರೂ ಇದನ್ನು ಮುಚ್ಚಿಟ್ಟರೆ ಕಥೆಯ ತಿರುಳೇ ಹೋಗುವುದು. ಆ ಭಯವು ಬರಿಯ ಭ್ರಾಂತಿಯಾಗಿರಲಿಲ್ಲವೆಂದು ತರುವಾಯದ ಕಾಲ ತೋರಿಸಿತು: 1956ರ ಅನಂತರ ಒಕ್ಕಲಿಗರೊಬ್ಬರು ಮತ್ತೆ ಮುಖ್ಯಮಂತ್ರಿಗಳಾದುದು 1994ರಲ್ಲಿ, ಎಚ್.ಡಿ. ದೇವೇಗೌಡರು ಬಂದಾಗ. ನಡುವೆ ಮೂವತ್ತೆಂಟು ವರ್ಷಗಳು.

ಹನುಮಂತಯ್ಯನವರು ಸ್ವತಃ ಒಕ್ಕಲಿಗರು. ಅವರನ್ನು ಹಿಡಿದು ನಿಲ್ಲಿಸಿದ್ದ ಶಾಸಕರಲ್ಲಿ ಎಷ್ಟೋ ಮಂದಿ ಮೈಸೂರು ಪ್ರತ್ಯೇಕವಾಗಿಯೇ ಇರಬೇಕೆನ್ನುವವರು. ಬೇಕಾದರೆ ಎರಡು ಕನ್ನಡ ರಾಜ್ಯಗಳಾಗಲಿ ಎಂಬ ವಾದವೂ ಎದ್ದಿತು. ಅದಕ್ಕೆ ತಲೆಯಾಡಿಸಿ ಸುಮ್ಮನಿದ್ದಿದ್ದರೆ ಅವರ ಪೀಠಕ್ಕೆ ಆಗ ಯಾವ ಕುಂದೂ ಬರುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಕನ್ನಡ ಮಾತನಾಡುವವರೆಲ್ಲ ಒಂದಾಗಬೇಕು. ಮೈಸೂರು ಅದಕ್ಕೆ ಬಾಗಿಲು ತೆರೆಯಬೇಕು ಎಂದು ಶಾಸನಸಭೆಯ ಒಳಗೂ ಹೊರಗೂ ವಾದಿಸಿದರು. ತಾವು ಯಾವ ಕೊಂಬೆಯ ಮೇಲೆ ಕುಳಿತಿದ್ದಾರೆಂಬುದು ಅವರಿಗೆ ತಿಳಿಯದೆ ಇರಲಾರದು. 99 ಸ್ಥಾನಗಳ ಸಭೆ ಹೊಸ ರಾಜ್ಯದ ಮೊದಲ ಚುನಾವಣೆಯಾದ 1957ರಲ್ಲಿ 208 ಸ್ಥಾನಗಳದಾಯಿತು. ಲೆಕ್ಕ ಬಲ್ಲ ವಕೀಲರಿಗೆ ಈ ಕೂಡುವ ಲೆಕ್ಕ ಮೊದಲೇ ಕಾಣಿಸಿರಬೇಕು.

ಇದರೊಡನೆ ಅವರ ಸ್ವಭಾವವೂ ಸೇರಿಕೊಂಡಿತು. ಬಿಗುಮಾನ ಹೆಚ್ಚು, ಮಾತು ಚುರುಕು, ತಾವು ಸರಿಯೆಂದು ಕಂಡುದನ್ನು ಇನ್ನೊಬ್ಬರ ಒಪ್ಪಿಗೆಗಾಗಿ ಕಾದು ಮಾಡುವ ತಾಳ್ಮೆ ಕಡಿಮೆ. ಕಲ್ಲನ್ನು ಕಡೆದ ಹಾಗೆ ಮನುಷ್ಯರನ್ನು ಕಡೆಯುವುದು ಆಗದು. ಉಳಿಯ ಪೆಟ್ಟು ತಿಂದ ಕಲ್ಲು ಸುಮ್ಮನಿರುವುದು. ಮಾತಿನ ಪೆಟ್ಟು ತಿಂದ ಶಾಸಕನು ದಿನ ಎಣಿಸುತ್ತಿರುವನು. ಏಕೀಕರಣದಲ್ಲಿ ನಂಬಿಕೆಯಿದ್ದವರಲ್ಲಿಯೂ ಕೆಲವರು ಈ ಕಾರಣದಿಂದ ಅವರಿಗೆ ದೂರವಾದರು. ಹೀಗೆ ಅವರ ಗುಣವೊಂದು ಅವರ ದೋಷವೊಂದು ಎರಡೂ ಕೈ ಕೂಡಿಸಿ ಒಂದೇ ಕಡೆಗೆ ತಳ್ಳಿದುವು. ಯಾವುದು ಹೆಚ್ಚು ಬಲವಾಗಿ ತಳ್ಳಿತು? ನಮ್ಮ ಮಟ್ಟಿಗೆ ಹೇಳುವುದಾದರೆ, ಬಿಗುಮಾನ ಒಂದೇ ಇದ್ದಿದ್ದರೆ ಶಾಸಕರು ಗೊಣಗಿಕೊಂಡು ಚುನಾವಣೆಯವರೆಗೆ ಸಹಿಸುತ್ತಿದ್ದರು. ಏಕೀಕರಣ ಒಂದೇ ಇದ್ದಿದ್ದರೆ ಸ್ನೇಹದ ನಾಲ್ಕು ಮಾತಿನಿಂದ ಹಲವರನ್ನು ಒಲಿಸಿಕೊಳ್ಳಬಹುದಾಗಿತ್ತು.

1956ರ ಆಗಸ್ಟಿನಲ್ಲಿ ಕಾಂಗ್ರೆಸ್ ಶಾಸಕರಲ್ಲಿಯೇ ಅವರ ಮೇಲೆ ಅವಿಶ್ವಾಸ ಎದ್ದಿತು. ಹೊಸ ರಾಜ್ಯ ಹುಟ್ಟುವುದಕ್ಕೆ ಮೂರು ತಿಂಗಳೂ ಉಳಿದಿರಲಿಲ್ಲ. ಕಟ್ಟಡದ ಕೆಲಸ ಕೊನೆಯ ಹಂತಕ್ಕೆ ಬಂದಿತ್ತು. ತಮ್ಮವರ ವಿಶ್ವಾಸ ತಪ್ಪಿಹೋದುದರಿಂದ ಹನುಮಂತಯ್ಯನವರು ರಾಜೀನಾಮೆಯನ್ನು ಕೊಟ್ಟರು. ಆಗಸ್ಟ್ 19ರಂದು, ಅವರ ಮಂತ್ರಿಮಂಡಲದಲ್ಲಿ ಕಂದಾಯದ ಮಂತ್ರಿಗಳಾಗಿದ್ದ ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಗಳಾದರು. ಸಜ್ಜನರಾದ ಮಂಜಪ್ಪನವರ ಪಾಲಿಗೆ ಬಂದುದೂ ಹಳೆಯ ಮೈಸೂರಿನ ಕೊನೆಯ ಎಪ್ಪತ್ತುಚಿಲ್ಲರೆ ದಿನಗಳು ಮಾತ್ರ. ನವೆಂಬರ್ 1ರಂದು ಕನ್ನಡ ಸೀಮೆಗಳು ಕೂಡಿ ವಿಶಾಲವಾದ ಮೈಸೂರು ರಾಜ್ಯವಾಯಿತು. ರಾಜಪ್ರಮುಖರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು ರಾಜ್ಯಪಾಲರಾದರು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು 1973ರಲ್ಲಿ ಬಂದಿತು.

ಹೊಸ ರಾಜ್ಯದ ಶಾಸನಸಭೆ ವಿಧಾನಸೌಧದಲ್ಲಿ ಮೊದಲ ಸಲ ಸೇರಿದುದು 1956ರ ಡಿಸೆಂಬರ್ 19ರಂದು. ಮುಖ್ಯಮಂತ್ರಿಪದವು ಹನುಮಂತಯ್ಯನವರ ಕೈಬಿಟ್ಟು ಅಂದಿಗೆ ಸರಿಯಾಗಿ ನಾಲ್ಕು ತಿಂಗಳು. ಧಾರವಾಡ, ಬೀದರ, ಮಂಗಳೂರುಗಳ ಕಡೆಯ ಸದಸ್ಯರು ಮೈಸೂರಿನವರೊಡನೆ ಒಂದೇ ಚಾವಣಿಯ ಕೆಳಗೆ ಕುಳಿತರು. ಆ ಚಾವಣಿಯೂ, ಅವರೆಲ್ಲರೂ ಅಲ್ಲಿ ಕೂಡುವಂತಾದುದೂ, ಎರಡರ ಹಿಂದೆಯೂ ಒಬ್ಬರೇ ವ್ಯಕ್ತಿ ದುಡಿದಿದ್ದರು. ಮುಂದಿನ ಸಾಲಿನ ಯಜಮಾನರ ಪೀಠದಲ್ಲಿ ಮಾತ್ರ ಬೇರೆಯವರಿದ್ದರು.

ಕಟ್ಟಡದ ಖರ್ಚನ್ನು ಕುರಿತು ಮುಂದೆ ವಿಚಾರಣೆಯೂ ನಡೆಯಿತು. ಹನುಮಂತಯ್ಯನವರು ಅದರಿಂದ ಕುಗ್ಗಿ ಮೂಲೆಗೆ ಸೇರಲಿಲ್ಲ. 1962, 1967 ಮತ್ತು 1971ರಲ್ಲಿ ಬೆಂಗಳೂರಿನ ಜನ ಅವರನ್ನು ಲೋಕಸಭೆಗೆ ಕಳುಹಿಸಿದರು. ಎಂದರೆ ಊರಿನವರ ಮೆಚ್ಚಿಗೆ ಮಾಸಿರಲಿಲ್ಲ. ಮೊರಾರ್ಜಿ ದೇಸಾಯಿಯವರು ಉಪಪ್ರಧಾನಿಗಳಾಗಿ ಹೋದ ಬಳಿಕ, ದೇಶದ ಆಡಳಿತವನ್ನು ತಿದ್ದಲು ನೇಮಕವಾಗಿದ್ದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆ ಇವರಿಗೆ ಬಂದಿತು. ಆ ಆಯೋಗ ಒಟ್ಟು 20 ವರದಿಗಳನ್ನೂ 537 ಸಲಹೆಗಳನ್ನೂ ಕೊಟ್ಟಿತು. 1971ರಿಂದ 1972ರವರೆಗೆ ಕೇಂದ್ರದಲ್ಲಿ ರೈಲ್ವೆ ಮಂತ್ರಿಗಳಾಗಿದ್ದರು. ಆದರೆ ಸ್ವಂತ ನಾಡಿನ ಮುಖ್ಯಮಂತ್ರಿಯ ಪೀಠ ಅವರಿಗೆ ಎರಡನೆಯ ಸಲ ದೊರೆಯಲಿಲ್ಲ. 1977ರ ಚುನಾವಣೆಯಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದ ಕೆ.ಎಸ್. ಹೆಗ್ಡೆಯವರ ಎದುರಿಗೆ ಬೆಂಗಳೂರಿನಲ್ಲಿಯೇ ಸೋತರು. 1980ರ ಡಿಸೆಂಬರ್ 1ರಂದು ತೀರಿಕೊಂಡರು. ಈಗ ಬೆಂಗಳೂರಿನ ದೊಡ್ಡ ರಸ್ತೆಯೊಂದಕ್ಕೆ ಅವರ ಹೆಸರಿದೆ. ಸೌಧದ ಪಶ್ಚಿಮದ ಬಾಗಿಲ ಬಳಿ ಅವರ ಪ್ರತಿಮೆಯಿದೆ.

ನೆಂಟರ ಮಕ್ಕಳು ಓದುವ ಆ ಅಕ್ಷರಗಳ ವಿಷಯ ಒಂದು ಉಳಿಯಿತು. ಸರ್ಕಾರದ ಕೆಲಸವನ್ನು ದೇವರ ಕೆಲಸವೆನ್ನುವುದು ಕೆಲವರಿಗೆ ಅತಿಯಾಗಿ ಕಂಡಿತು. ಕಚೇರಿಗಳಲ್ಲಿ ಕಾದು ಕಾದು ಹಿಂದಿರುಗಿದವರಿಗೆ ಅದು ಹಾಸ್ಯವಾಗಿಯೂ ಕಂಡಿದ್ದರೆ ಆಶ್ಚರ್ಯವಿಲ್ಲ. ಹನುಮಂತಯ್ಯನವರು ಇಳಿದ ಮಾರನೆಯ ವರ್ಷ, 1957ರಲ್ಲಿ, ಅದನ್ನು ತೆಗೆಯಿಸಿ "ಸತ್ಯಮೇವ ಜಯತೆ" ಎಂದು ಬರೆಯಿಸಬೇಕೆಂದು ಸರ್ಕಾರದವರು ಯೋಚಿಸಿದರು. ಅದಕ್ಕೆ 7,500 ರೂಪಾಯಿ ಖರ್ಚಾಗುವುದೆಂದು ಲೆಕ್ಕವೂ ಆಯಿತು. ಕೆಲಸ ಮಾತ್ರ ನಡೆಯಲಿಲ್ಲ.